ಕಡಲಿನಲ್ಲಿ ಆರಿದ ಬೆಂಕಿ: ಮಲ್ಪೆಯ ತೋನ್ಸೆ ಪಾರ್

ಕೊಯಮತ್ತೂರಿನ ಗಣಪತಿ ಬಡಾವಣೆಯಿಂದ ಕನ್ನಡನಾಡಿಗೆ ಎರಡು ದಾರಿಗಳಿವೆ. ಬಡಾವಣೆಯ ನಡುವೆಯೇ ಹಾದುಹೋಗುವ ಸತ್ಯಮಂಗಲದ ರಸ್ತೆ ಒಂದು. ದಿಂಬಂ ಘಾಟಿಯ ತಿರುವುಗಳನ್ನು ಹತ್ತಿ ಅದು ಚಾಮರಾಜನಗರ ಮುಟ್ಟುತ್ತದೆ. ಇನ್ನೊಂದು ರೈಲಿನ ದಾರಿ. ಪಾಲಕ್ಕಾಡಿನ ಕಣಿವೆಯಲ್ಲಿ ಪಶ್ಚಿಮಕ್ಕೆ ಹೊರಟು, ಶೊರನೂರಿನಲ್ಲಿ ಬಡಗಲಿಗೆ ತಿರುಗಿ, ಕೋಳಿಕ್ಕೋಡು, ಕಣ್ಣೂರು, ಕಾಸರಗೋಡುಗಳನ್ನು ದಾಟಿ ಮಂಗಳೂರು ಸೇರುತ್ತದೆ. ಅಲ್ಲಿಂದ ಕೊಂಕಣ ರೈಲು ಹಿಡಿದರೆ ಉಡುಪಿ. ಕೇಳುಗರೇ, ಇವತ್ತಿನ ಮಾತು ಈ ಎರಡನೆಯ ದಾರಿಯ ಕೊನೆಯಲ್ಲಿರುವ ಒಂದು ದ್ವೀಪದ ಬಗ್ಗೆ, ಅದರ ಕಲ್ಲಿನ ಬಗ್ಗೆ, ಅಲ್ಲಿಂದ ಅಷ್ಟೇನೂ ದೂರವಲ್ಲದ ಒಂದು ಬಿಸಿನೀರಿನ ಬುಗ್ಗೆಯ ಬಗ್ಗೆ.

ಕೊಯಮತ್ತೂರಿಗೂ ಉಡುಪಿಗೂ ಏನು ಸಂಬಂಧ ಎಂದು ಇಂದಿನ ಮಕ್ಕಳು ಕೇಳಬಹುದು. 1799ರಲ್ಲಿ ಟಿಪ್ಪು ಸುಲ್ತಾನ ಶ್ರೀರಂಗಪಟ್ಟಣದಲ್ಲಿ ಮಡಿಯುವವರೆಗೆ ಎರಡೂ ಸೀಮೆಗಳು ಮೈಸೂರಿನ ಆಳ್ವಿಕೆಯಲ್ಲಿದ್ದವು. ಆಮೇಲೆ ಎರಡೂ ಕಂಪನಿ ಸರಕಾರದ ಕೈಗೆ ಹೋಗಿ ಮದರಾಸು ಪ್ರಾಂತ್ಯದ ಜಿಲ್ಲೆಗಳಾದವು. 1956ರ ನವೆಂಬರ್ 1ರಂದು ಭಾಷೆಯ ಗಡಿ ಗೀಚುವವರೆಗೆ ಉಡುಪಿಯವರೂ ಕೊಯಮತ್ತೂರಿನವರೂ ಒಂದೇ ರಾಜಧಾನಿಗೆ ಅರ್ಜಿ ಬರೆಯುತ್ತಿದ್ದರು. ಗಣಪತಿಯಿಂದ ಉಡುಪಿಗೆ ಹೊರಟವರು ಪರನಾಡಿಗೆ ಹೋದಂತೆ ಸಂಕೋಚಪಡಬೇಕಾಗಿಲ್ಲ.

ಉಡುಪಿಗೆ ಹೋದವರು ಸಾಮಾನ್ಯವಾಗಿ ಮಾಡುವುದು ಇಷ್ಟು: ಮಧ್ವಸರೋವರದ ಬಳಿ ಕೈಕಾಲು ತೊಳೆದು ಕೃಷ್ಣನ ದರ್ಶನ, ಕನಕನ ಕಿಂಡಿಯ ಮುಂದೆ ಒಂದು ನಿಮಿಷ, ಮಠದ ಊಟ, ಸಂಜೆಗೆ ಮಲ್ಪೆಯ ಕಡಲತೀರ. ಪುರುಸೊತ್ತಿದ್ದವರು ಬೋಟು ಹತ್ತಿ ಎದುರಿನ ದ್ವೀಪಕ್ಕೆ ಹೋಗುತ್ತಾರೆ. ಕಪ್ಪು ಬಂಡೆಗಳ ಮೇಲೆ ನಿಂತು ಫೋಟೊ ತೆಗೆಸಿಕೊಂಡು, ಚಿಪ್ಪು ಆರಿಸಿಕೊಂಡು ವಾಪಸಾಗುತ್ತಾರೆ. ಕಾಲ ಕೆಳಗಿನ ಆ ಬಂಡೆಯೇ ಕರ್ನಾಟಕದ ಕರಾವಳಿಯ ಅತಿ ದೊಡ್ಡ ಬೆರಗು ಎಂದು ಹೇಳುವವರು ಮಾತ್ರ ಅಲ್ಲಿ ಬೇಕಾದಷ್ಟು ಇಲ್ಲ.

ಮಲ್ಪೆಯ ಬಂದರಿನ ಎದುರು ಕಡಲಿನಲ್ಲಿ ಈ ದ್ವೀಪಗಳು ಸಾಲಾಗಿ ನಿಂತಿವೆ. ನಕಾಶೆಯಲ್ಲಿ ಸೇಂಟ್ ಮೇರಿಸ್ ದ್ವೀಪಗಳು; ಮೀನುಗಾರರ ಬಾಯಲ್ಲಿ ತೋನ್ಸೆ ಪಾರ್. ಮುಖ್ಯವಾದವು ನಾಲ್ಕು: ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹಾದುರ್‌ಗಡ, ದಕ್ಷಿಣ ದ್ವೀಪ. ಪ್ರವಾಸಿಗರು ಇಳಿಯುವುದು ಬಂದರಿನಿಂದ ಸುಮಾರು ಆರೇಳು ಕಿಲೋಮೀಟರ್ ದೂರದ ತೆಂಗಿನ ದ್ವೀಪಕ್ಕೆ. ಉದ್ದ ಸುಮಾರು 500 ಮೀಟರ್, ಅಗಲ ಸುಮಾರು 100 ಮೀಟರ್. ಊರಿಲ್ಲ, ಮನೆಯಿಲ್ಲ. ತೆಂಗಿನ ಮರಗಳು, ಮರಳಿನ ಜಾಗದಲ್ಲಿ ರಾಶಿ ರಾಶಿ ಚಿಪ್ಪುಗಳು, ಅವುಗಳ ಹಿಂದೆ ಕಂಬಗಲ್ಲುಗಳು.

ಈ ಕಂಬಗಳನ್ನು ಯಾರೂ ಕಡೆದದ್ದಲ್ಲ. ಆದರೂ ಮೊದಲ ಸಲ ನೋಡಿದವರಿಗೆ ಯಾವುದೋ ಹಳೆಯ ದೇವಸ್ಥಾನ ಕುಸಿದು ಕಂಬಗಳಷ್ಟೇ ಉಳಿದಿವೆಯೇನೋ ಎನ್ನಿಸುತ್ತದೆ. ಒಂದೊಂದಕ್ಕೂ ಚಪ್ಪಟೆಯಾದ ಮುಖಗಳು, ನೇರವಾದ ಅಂಚುಗಳು. ಎಣಿಸಿದರೆ ಕೆಲವಕ್ಕೆ ನಾಲ್ಕು ಮುಖ, ಕೆಲವಕ್ಕೆ ಏಳು. ಹೆಚ್ಚಿನವು ಐದು, ಆರು ಮುಖದವು. ಎತ್ತರದವು ಆರು ಮೀಟರಿನವರೆಗೆ ನಿಂತಿವೆ. ಕೆಲವೆಡೆ ನೆಟ್ಟಗಿವೆ, ಕೆಲವೆಡೆ ವಾಲಿವೆ. ಅಲೆಗಳು ತಲೆ ಮುರಿದು ಹಾಕಿದ ಕಡೆ ಆರುಮೂಲೆಯ ಹಾಸುಗಲ್ಲು ಜೋಡಿಸಿದ ಅಂಗಳ ಕಾಣುತ್ತದೆ.

ಹೇಗಾಯಿತು ಇದು? ಗಣಪತಿಯವರಿಗೆ ಇದನ್ನು ತಿಳಿಸುವುದು ಉಳಿದ ಊರಿನವರಿಗೆ ತಿಳಿಸುವುದಕ್ಕಿಂತ ಸುಲಭ, ಏಕೆಂದರೆ ಅಲ್ಲಿ ಫೌಂಡ್ರಿಗಳಿವೆ. ಕಾದ ಕಬ್ಬಿಣವನ್ನು ಅಚ್ಚಿಗೆ ಹೊಯ್ದ ಮೇಲೆ ಅದು ಆರುತ್ತ ಕುಗ್ಗುತ್ತದೆ ಎಂಬುದು ಎರಕದ ಕೆಲಸದವರಿಗೆಲ್ಲ ಗೊತ್ತು. ಕುಗ್ಗಿದ ಜಾಗ ತುಂಬಲೆಂದೇ ಅಚ್ಚಿನ ಮೇಲೆ ರೈಸರ್ ಇಟ್ಟು ಅದರಲ್ಲಿ ಹೆಚ್ಚಿನ ಲೋಹ ನಿಲ್ಲಿಸಿರುತ್ತಾರೆ. ಇಲ್ಲದಿದ್ದರೆ ಎರಕದಲ್ಲಿ ತೂತು ಬೀಳುತ್ತದೆ, ಬಿರುಕು ಬೀಳುತ್ತದೆ. ಮಲ್ಪೆಯ ಲಾವಾರಸಕ್ಕೆ ರೈಸರ್ ಇಡುವವರು ಯಾರೂ ಇರಲಿಲ್ಲ. ದಪ್ಪನೆಯ ಹರವಾಗಿ ನಿಂತ ರಸ ಮೇಲಿನಿಂದಲೂ ಕೆಳಗಿನಿಂದಲೂ ನಿಧಾನವಾಗಿ ಆರುತ್ತ ಬಂತು. ಆರಿದಷ್ಟೂ ಕುಗ್ಗಿತು, ಕುಗ್ಗಿದಷ್ಟೂ ಬಿರಿಯಿತು. ತಂಪು ಒಳಗಿಳಿದಂತೆ ಬಿರುಕೂ ಒಳಗಿಳಿಯಿತು. ಒಂದೇ ಬಗೆಯ ಕಲ್ಲು ಎಲ್ಲ ಕಡೆಗೂ ಸಮನಾಗಿ ಕುಗ್ಗುವಾಗ ಮೂರು ಬಿರುಕುಗಳು ಒಂದು ಬಿಂದುವಿನಲ್ಲಿ 120 ಡಿಗ್ರಿಯ ಕೋನದಲ್ಲಿ ಕೂಡುವ ಕಡೆ ವಾಲುತ್ತವೆ. ಅತಿ ಕಡಿಮೆ ಬಿರುಕಿನಲ್ಲಿ ಅತಿ ಹೆಚ್ಚು ಸೆಳೆತ ಸಡಿಲವಾಗುವುದು ಹಾಗೆ. ಆ ಕೋನಗಳು ಸೇರಿದರೆ ಆರು ಮೂಲೆ. ಕಲ್ಲು ಎಲ್ಲೆಡೆ ಅಷ್ಟು ಸಮನಾಗಿ ಇರುವುದಿಲ್ಲವಾದ್ದರಿಂದ ಐದು, ಏಳು ಮೂಲೆಗಳೂ ಬೆರೆತವು.

ಇಲ್ಲೊಂದು ತಿದ್ದುಪಡಿ ಅಗತ್ಯ. ಪ್ರವಾಸಿ ಬರಹಗಳಲ್ಲಿ ಈ ಕಂಬಗಳನ್ನು ಬಸಾಲ್ಟ್ ಎಂದು ಕರೆಯುವುದು, ಮಹಾರಾಷ್ಟ್ರದ ದಖನ್ ಲಾವಾದ ಜೊತೆ ಸೇರಿಸುವುದು ರೂಢಿಯಾಗಿಬಿಟ್ಟಿದೆ. ಕಲ್ಲು ಬೇರೆ, ಕಾಲವೂ ಬೇರೆ. ಮುಂಬೈನ ಅಂಧೇರಿಯಲ್ಲಿರುವ ಗಿಲ್ಬರ್ಟ್ ಗುಡ್ಡ, ಕೊಲ್ಲಾಪುರದ ಬಳಿಯ ಬಾಂದಿವಡೆಯ ಕಂಬಗಳು ದಖನ್ ಬಸಾಲ್ಟಿನವು, ಸುಮಾರು 6.6 ಕೋಟಿ ವರ್ಷ ಹಳೆಯವು. ಉತ್ತರ ಐರ್ಲೆಂಡಿನಲ್ಲಿ 40,000 ಕಂಬಗಳಿರುವ ಜೈಂಟ್ಸ್ ಕಾಸ್‌ವೇ ಕೂಡ ಬಸಾಲ್ಟೇ. ಅದು 1986ರಲ್ಲಿ ಯುನೆಸ್ಕೊದ ಪಟ್ಟಿ ಸೇರಿತು. ಮಲ್ಪೆಯದು ರಯೋಲೈಟ್ ಮತ್ತು ಡೇಸೈಟ್ ಎಂಬ ಜಾತಿ. ಸಿಲಿಕಾ ಅಂಶ ಹೆಚ್ಚಿರುವ, ಸುಲಭವಾಗಿ ಹರಿಯದಷ್ಟು ಮಂದವಾದ ಲಾವಾರಸದಿಂದ ಆದದ್ದು. ಅಂಥ ಮಂದ ರಸ ಇಷ್ಟು ಅಚ್ಚುಕಟ್ಟಾಗಿ ಕಂಬವಾಗುವುದು ಬಸಾಲ್ಟಿನಲ್ಲಿ ಆಗುವಷ್ಟು ಸಾಮಾನ್ಯವಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ.

ವಯಸ್ಸು? ಬೇರೆ ಬೇರೆ ವಿಧಾನದಲ್ಲಿ ಅಳೆದವರಿಗೆ ಸಿಕ್ಕ ಉತ್ತರಗಳು ಎಂಟೂವರೆ ಕೋಟಿಯಿಂದ ಒಂಬತ್ತು ಕೋಟಿ ವರ್ಷಗಳ ಆಸುಪಾಸಿನಲ್ಲಿವೆ. ಆಗ ಹಿಮಾಲಯ ಹುಟ್ಟಿರಲಿಲ್ಲ. ಡೈನೊಸಾರ್‌ಗಳಿದ್ದವು. ಭಾರತದ ಪಶ್ಚಿಮ ಅಂಚಿಗೆ ಅರಬ್ಬಿ ಸಮುದ್ರದ ಬದಲು ಮಡಗಾಸ್ಕರ್ ಅಂಟಿಕೊಂಡಿತ್ತು.

ಆ ಅಂಟು ಬಿಟ್ಟ ಕಾಲದ ಬೆಂಕಿ ಇದು. ಭೂಗರ್ಭದಿಂದ ಮೇಲೆದ್ದ ಒಂದು ಬಿಸಿಯ ಕಂಬ ಭೂಮಿಯ ತೊಗಟೆಯನ್ನು ಹಿಗ್ಗಿಸಿ ಸೀಳಿತು ಎಂದು ಭೂವಿಜ್ಞಾನಿಗಳು ವಿವರಿಸುತ್ತಾರೆ. ಆ ಬಿಸಿಯ ನೆಲೆ ಈಗ ಹಿಂದೂ ಮಹಾಸಾಗರದ ತೀರ ದಕ್ಷಿಣದಲ್ಲಿ, ಮೇರಿಯನ್ ದ್ವೀಪದ ಅಡಿಯಲ್ಲಿದೆ. ಸೀಳಿನುದ್ದಕ್ಕೂ ಲಾವಾ ಉಕ್ಕಿತು. ಮಡಗಾಸ್ಕರ್ ಆ ಕಡೆ ಉಳಿಯಿತು, ಭಾರತ ಈ ಕಡೆ ಸರಿಯುತ್ತ ಬಂತು. ಅದೇ ಕಾಲದ ಜ್ವಾಲಾಮುಖಿ ಕಲ್ಲು ಮಡಗಾಸ್ಕರಿನಲ್ಲಿ ಹೇರಳವಾಗಿ ಸಿಗುತ್ತದೆ. ನಮ್ಮ ಕಡೆ ಅದರ ಗುರುತು ಉಳಿದಿರುವ ಕೆಲವೇ ಜಾಗಗಳಲ್ಲಿ ತೋನ್ಸೆ ಪಾರ್ ಒಂದು. ಕೇರಳದ ನೆಲದಲ್ಲಿ ಹೂತಿರುವ ಕೆಲವು ಕರಿಕಲ್ಲಿನ ಗೋಡೆಗಳೂ ಸುಮಾರು ಆ ಕಾಲದವು. ಒಮ್ಮೆ ಅಕ್ಕಪಕ್ಕದಲ್ಲಿದ್ದ ಎರಡು ನೆಲಗಳ ನಡುವೆ ಈಗ ಸುಮಾರು 4,000 ಕಿಲೋಮೀಟರ್ ಕಡಲು. ತೆಂಗಿನ ದ್ವೀಪದ ಪಡುವಣ ಅಂಚಿನಲ್ಲಿ ನಿಂತು ನೈಋತ್ಯಕ್ಕೆ ನೋಡಿದವರ ದೃಷ್ಟಿಗೆ ಅಡ್ಡವಾಗಿ ಆ ಇಡೀ ಸಾಗರ ಇರುತ್ತದೆ. ಇದನ್ನು ತಿಳಿದು ನಿಲ್ಲುವುದಕ್ಕೂ ತಿಳಿಯದೆ ನಿಲ್ಲುವುದಕ್ಕೂ ಬಹಳ ಅಂತರವಿದೆ.

ಇನ್ನೂ ಒಂದು ಸಂಗತಿ. ಇದು ಯಾವಾಗಲೂ ದ್ವೀಪವಾಗಿರಲಿಲ್ಲ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ತುದಿಯಲ್ಲಿ, ಸಮುದ್ರದ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಮಲ್ಪೆಯಿಂದ ಇಲ್ಲಿಗೆ ನಡೆದೇ ಬರಬಹುದಿತ್ತು. ಈ ಕಂಬಗಳು ಬಯಲಿನಲ್ಲಿ ನಿಂತ ಸಣ್ಣ ದಿಣ್ಣೆಗಳಾಗಿದ್ದವು. ಹಿಮ ಕರಗಿ ಕಡಲು ಏರಿ ಸುತ್ತುವರಿದ ಮೇಲೆ ದ್ವೀಪವಾಯಿತು.

ಸೇಂಟ್ ಮೇರಿಸ್ ಎಂಬ ಹೆಸರಿನ ಕಥೆ ರೈಲಿನ ದಾರಿಯಲ್ಲಿಯೇ ಶುರುವಾಗುತ್ತದೆ. ಕೋಳಿಕ್ಕೋಡಿನ ಬಡಗಲಿಗೆ ಕಾಪ್ಪಾಡ್ ಎಂಬ ಕಡಲತೀರವಿದೆ. 1498ರ ಮೇ ತಿಂಗಳಲ್ಲಿ ವಾಸ್ಕೊ ಡ ಗಾಮನ ಹಡಗುಗಳು ಬಂದು ನಿಂತದ್ದು ಆ ಭಾಗದಲ್ಲಿ. ಅವನು ಮೊದಲು ಮಲ್ಪೆಯ ದ್ವೀಪಕ್ಕೆ ಇಳಿದು ಆಮೇಲೆ ಕೋಳಿಕ್ಕೋಡಿಗೆ ಹೋದ ಎಂದು ಅನೇಕರು ಹೇಳುತ್ತಾರೆ, ಬರೆಯುತ್ತಾರೆ. ಆ ಯಾನದ ದಿನಚರಿ ಹೇಳುವುದು ಬೇರೆ. ಕೋಳಿಕ್ಕೋಡಿನ ಅರಸ ಸಾಮೂದಿರಿಯ ಜೊತೆ ವ್ಯವಹಾರ ಕುದುರದೆ, ಮನಸ್ತಾಪ ಬೆಳೆದು, ಆಗಸ್ಟ್ ಕೊನೆಯಲ್ಲಿ ಗಾಮ ಆ ಊರು ಬಿಟ್ಟ. ಗಾಳಿ ಕೂಡಿಬರದೆ ಕರಾವಳಿಯುದ್ದಕ್ಕೂ ಮೆಲ್ಲಗೆ ಬಡಗಲಿಗೆ ಸಾಗಿದ. ಪೋರ್ಚುಗಲ್ಲಿನ ದೊರೆ ನೆಡಲೆಂದು ಕೊಟ್ಟು ಕಳಿಸಿದ್ದ ಕಲ್ಲಿನ ಕಂಬಗಳಲ್ಲಿ ಇನ್ನೂ ಒಂದು ಉಳಿದಿತ್ತು. ಸೆಪ್ಟೆಂಬರಿನಲ್ಲಿ ದಡದ ಸಮೀಪದ ಒಂದು ಸಣ್ಣ ದ್ವೀಪದಲ್ಲಿ ಅದನ್ನು ನೆಟ್ಟು ಸಾಂತಾ ಮಾರಿಯಾ ಎಂದು ಕರೆದರು. ಅಲ್ಲಿಂದ ಮುಂದೆ ಕಾರವಾರದ ಹತ್ತಿರದ ಅಂಜದೀವ್ ದ್ವೀಪಕ್ಕೆ ಹೋಗಿ ಹಡಗು ಸರಿಪಡಿಸಿಕೊಂಡರು. ಮಲ್ಪೆಯ ದ್ವೀಪಗಳಿಗೆ ಮೇರಿಯ ಹೆಸರು ಅಂಟಿಕೊಂಡದ್ದು ಹೀಗೆ. ಅವನು ನೆಟ್ಟ ಕಂಬ ಈಗ ಅಲ್ಲಿ ಕಾಣಸಿಗುವುದಿಲ್ಲ.

ಗಾಮನ ಹೆಸರಿಗೆ ಸಿಕ್ಕ ಪ್ರಚಾರ ಪಕ್ಕದ ದರಿಯಾ ಬಹಾದುರ್‌ಗಡಕ್ಕೆ ಸಿಕ್ಕಿಲ್ಲ. ಬಂದರಿನ ಬಾಯಿಗೆ ಹತ್ತಿರವಿರುವ ಈ ದ್ವೀಪದಲ್ಲಿ ಒಂದು ಕೋಟೆಯ ಅವಶೇಷಗಳಿವೆ. ಬಿದನೂರಿನ ಬಸಪ್ಪ ನಾಯಕ ಅದನ್ನು ಕಟ್ಟಿಸಿದ ಎಂಬುದು ಕರಾವಳಿಯ ಇತಿಹಾಸ ಬರೆದವರ ಮಾತು. ಮಲೆನಾಡಿನ ಕೆಳದಿ ಅರಸರು ಕಡಲನ್ನೂ ಕಾಯುತ್ತಿದ್ದರು ಎಂಬುದಕ್ಕೆ ಇದೊಂದು ಸಾಕ್ಷಿ. ಅದೇ ಮನೆತನದ ಶಿವಪ್ಪ ನಾಯಕನ ಹೆಸರಿನೊಂದಿಗೆ ಬೆಸೆದಿರುವ ಬೇಕಲ ಕೋಟೆ ಕಾಸರಗೋಡಿನ ದಾರಿಯಲ್ಲಿದೆ. ಕೊಯಮತ್ತೂರಿನಿಂದ ಬರುವ ರೈಲು ಅದರ ಹತ್ತಿರವೇ ಹಾಯುತ್ತದೆ. ಒಂದೇ ಪ್ರಯಾಣದಲ್ಲಿ ಎರಡನ್ನೂ ಜೊತೆಗಿಟ್ಟು ನೋಡಿದರೆ ಕೆಳದಿ ಅರಸರ ಕಾಲದ ಕನ್ನಡ ಕರಾವಳಿ ಎಷ್ಟು ಉದ್ದವಾಗಿತ್ತು ಎಂಬ ಅಂದಾಜು ಸಿಗುತ್ತದೆ.

ದಡದ ಮೇಲಿನ ಮಲ್ಪೆಯೂ ಬರೀ ಬೋಟು ಹತ್ತುವ ಜಾಗವಲ್ಲ. ಇಲ್ಲಿನ ವಡಭಾಂಡೇಶ್ವರದಲ್ಲಿ ಬಲರಾಮನ ಗುಡಿ ಇದೆ. ಹದಿಮೂರನೆಯ ಶತಮಾನದಲ್ಲಿ ಬಿರುಗಾಳಿಗೆ ಸಿಕ್ಕಿದ್ದ ಹಡಗೊಂದನ್ನು ಮಧ್ವಾಚಾರ್ಯರು ದಡಕ್ಕೆ ಕರೆದರೆಂದೂ, ನಾವಿಕರು ಕಾಣಿಕೆ ಕೊಟ್ಟ ಗೋಪೀಚಂದನದ ಹೆಂಟೆಯೊಳಗೆ ಕೃಷ್ಣನ ವಿಗ್ರಹ ಸಿಕ್ಕಿತೆಂದೂ ಉಡುಪಿಯ ನಂಬಿಕೆ. ಆ ಕಥೆಯ ಕಡಲು ಇದೇ. 1880ರ ದಶಕದಲ್ಲಿ ಬಾಸೆಲ್ ಮಿಶನ್ನಿನವರು ಇಲ್ಲೊಂದು ಹಂಚಿನ ಕಾರ್ಖಾನೆ ತೆರೆದರು. ಅದೇ ದಶಕದಲ್ಲಿ ಅವರ ಇನ್ನೊಂದು ಕಾರ್ಖಾನೆ ಪಾಲಕ್ಕಾಡಿನಲ್ಲಿಯೂ ಶುರುವಾಯಿತು. ಇಂದು ಮಲ್ಪೆ ರಾಜ್ಯದ ಅತಿ ದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಒಂದು. ಬೆಳಗಿನ ಜಾವ ದಕ್ಕೆಯಲ್ಲಿ ಬಂಗುಡೆ, ಬೂತಾಯಿಯ ಏಲಂ ನಡೆಯುವಾಗ ನಿಂತು ನೋಡಬೇಕು. ಮೊಗವೀರ ಹೆಂಗಸರು ಬುಟ್ಟಿಯ ಬೆಲೆಯನ್ನು ಒಂದು ನೋಟದಲ್ಲಿ ಅಳೆಯುತ್ತಾರೆ. ದಕ್ಷಿಣಕ್ಕೆ ಸ್ವಲ್ಪ ದೂರದ ಕಾಪುವಿನಲ್ಲಿ ಬಂಡೆಯ ಮೇಲೆ 1901ರ ದೀಪಸ್ತಂಭವಿದೆ.

ಇನ್ನು ಬಿಸಿನೀರು. ಜ್ವಾಲಾಮುಖಿಯ ದ್ವೀಪ ಎಂದ ಕೂಡಲೇ ಲೋಕದ ಬೇರೆಡೆಗಳಲ್ಲಿ ಜನಕ್ಕೆ ನೆನಪಾಗುವುದು ಬಿಸಿನೀರಿನ ಸ್ನಾನ. ಇಟಲಿಯ ನೇಪಲ್ಸ್ ಕೊಲ್ಲಿಯಲ್ಲಿರುವ ಇಸ್ಕಿಯಾ ಅದಕ್ಕೆ ಒಳ್ಳೆಯ ಉದಾಹರಣೆ. ಕ್ರಿಸ್ತಪೂರ್ವ ಎಂಟನೆಯ ಶತಮಾನದಲ್ಲಿಯೇ ಗ್ರೀಕರು ಅಲ್ಲಿ ನೆಲೆ ಹೂಡಿದ್ದರು. 789 ಮೀಟರ್ ಎತ್ತರದ ಎಪೊಮೆಯೊ ಬೆಟ್ಟದ ಸುತ್ತ ಅನೇಕ ಬುಗ್ಗೆಗಳು. 1588ರಲ್ಲಿ ಯಾಸೊಲಿನೊ ಎಂಬ ವೈದ್ಯ ಯಾವ ನೀರು ಯಾವ ಬೇನೆಗೆ ಎಂದು ಪುಸ್ತಕವನ್ನೇ ಬರೆದ. ಅಲ್ಲಿ ಕೊನೆಯ ಸಲ ಲಾವಾ ಹರಿದದ್ದು 1302ರಲ್ಲಿ. ಭೂಮಿಯ ಲೆಕ್ಕದಲ್ಲಿ ಅದು ನಿನ್ನೆ. ನೀರನ್ನು ಕಾಯಿಸುವ ಶಾಖವೇ ಊರನ್ನು ಅಲುಗಿಸಲೂ ಬಲ್ಲದು. 1883ರ ಜುಲೈ 28ರ ರಾತ್ರಿ ಸ್ನಾನಗೃಹಗಳಿಗೆ ಹೆಸರಾದ ಕಾಸಮಿಚ್ಚೋಲಾ ಪಟ್ಟಣ ಭೂಕಂಪಕ್ಕೆ ನೆಲಸಮವಾಗಿ 2,000ಕ್ಕೂ ಹೆಚ್ಚು ಜನ ಸತ್ತರು. ನಮ್ಮ ದೇಶದಲ್ಲಿ ಇನ್ನೂ ಉಸಿರಾಡುತ್ತಿರುವ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಸುಮ್ಮನಿದ್ದು 1991ರಲ್ಲಿ ಅದು ಮತ್ತೆ ಹೊಗೆಯಾಡಿತು. ಅಲ್ಲಿ ಜನವಸತಿ ಇಲ್ಲ.

ತೋನ್ಸೆ ಪಾರಿನಲ್ಲಿ ಬಿಸಿನೀರು ಹುಡುಕಿದರೆ ಸಿಗದು. ಎಂಟು, ಒಂಬತ್ತು ಕೋಟಿ ವರ್ಷ ಆರಿದ ಕಲ್ಲಿನಲ್ಲಿ ಬೆಂಕಿಯ ಶಾಖ ಎಲ್ಲಿಂದ ಬರಬೇಕು? ಆದರೆ ಉಡುಪಿಯಿಂದ ಮಂಗಳೂರಿಗೆ ಬಂದು, ಅಲ್ಲಿಂದ ಪುತ್ತೂರಿನ ಕಡೆ ಹೊರಟರೆ ಇರ್ದೆ ಗ್ರಾಮದಲ್ಲಿ ಬೆಂದ್ರ್ ತೀರ್ಥ ಎಂಬ ಬುಗ್ಗೆ ಇದೆ. ಸೀರೆ ಹೊಳೆಯ ದಡ, ಸುತ್ತ ಅಡಿಕೆ ತೋಟಗಳ ಹಸಿರು, ನಡುವೆ ಕಟ್ಟಿಸಿದ ಕೊಳ. ನೀರಿನ ಬಿಸಿ 40 ಡಿಗ್ರಿಯ ಆಸುಪಾಸು. ಮೂಗಿಗೆ ಗಂಧಕದ ವಾಸನೆ. ಇಲ್ಲಿ ಮುಳುಗಿದರೆ ಚರ್ಮದ ಕಾಯಿಲೆ ವಾಸಿಯಾಗುತ್ತದೆ ಎಂಬ ನಂಬಿಕೆಯಿಂದ ಜನ ತಲೆತಲಾಂತರದಿಂದ ಬರುತ್ತಿದ್ದಾರೆ. ಸ್ನಾನ ಹಿತವೇ, ಚರ್ಮಕ್ಕೆ ರೋಗವಿದ್ದರೆ ವೈದ್ಯರನ್ನೂ ಕಾಣಬೇಕು.

ಈ ಶಾಖ ಜ್ವಾಲಾಮುಖಿಯದಲ್ಲ. ಭೂಮಿಯೊಳಗೆ ಒಂದು ಕಿಲೋಮೀಟರ್ ಇಳಿದರೆ ಶಾಖ 25ರಿಂದ 30 ಡಿಗ್ರಿಯಷ್ಟು ಏರುತ್ತದೆ. ಮಳೆನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕೆ ಇಳಿದು, ಅಲ್ಲಿ ಕಾದು, ಇನ್ನೊಂದು ಬಿರುಕಿನಲ್ಲಿ ಆರುವುದಕ್ಕೆ ಮೊದಲೇ ಮೇಲೆ ಬಂದರೆ ಬಿಸಿನೀರಿನ ಬುಗ್ಗೆ. ದಾರಿಯಲ್ಲಿ ಕಲ್ಲಿನಿಂದ ಕರಗಿಸಿಕೊಂಡ ಗಂಧಕವನ್ನೂ ಹೊತ್ತು ತರುತ್ತದೆ. ಮಹಾರಾಷ್ಟ್ರದ ಕೊಂಕಣದಲ್ಲಿ ವಜ್ರೇಶ್ವರಿಯಿಂದ ರಾಜಾಪುರದವರೆಗೆ ಇಂಥ ಬುಗ್ಗೆಗಳ ಸಾಲೇ ಇದೆ. ಕರ್ನಾಟಕದ ಕರಾವಳಿ ಜಿಲ್ಲೆಗಳಲ್ಲಿ ಹೆಸರು ಮಾಡಿದ್ದು ಬೆಂದ್ರ್ ತೀರ್ಥ. ಇಂಥ ಬುಗ್ಗೆ ಬಹಳ ನಾಜೂಕಿನದು. ನೆಲದಡಿಯ ಯಾವ ಸೀಳಿನಲ್ಲಿ ನೀರು ಬರುತ್ತಿದೆಯೋ ಅದೇ ಸೀಳಿಗೆ ಹತ್ತಿರದ ಕೊಳವೆಬಾವಿ ತಾಗಿದರೆ ಒತ್ತಡ ಇಳಿದು ಕೊಳ ಸೊರಗಬಹುದು. ತೋಟಕ್ಕೆ ನೀರು ಬೇಕು, ನಿಜ; ಆದರೆ ಬುಗ್ಗೆಯ ಸುತ್ತ ಎಷ್ಟು ದೂರದವರೆಗೆ ಕೊರೆಯಬಾರದು ಎಂಬುದನ್ನು ಭೂಜಲ ಬಲ್ಲವರು ಅಳೆದು ಹೇಳಬೇಕು, ಊರಿನವರು ಅದನ್ನು ಪಾಲಿಸಬೇಕು.

ದ್ವೀಪಕ್ಕೂ ಕಾವಲು ಬೇಕು. ಸ್ಮಾರಕ ಎಂಬ ಫಲಕ ಇದ್ದ ಮಾತ್ರಕ್ಕೆ ಕಲ್ಲು ಉಳಿಯುವುದಿಲ್ಲ. ಕಂಬಗಳ ಮೇಲೆ ಹೆಸರು ಗೀಚುವುದು, ಸಂದುಗಳಲ್ಲಿ ಪ್ಲಾಸ್ಟಿಕ್ ತುರುಕುವುದು, ಚಿಪ್ಪುಗಳನ್ನು ಚೀಲಗಟ್ಟಲೆ ಹೊರುವುದು ನಿಲ್ಲಬೇಕು. ಅದಕ್ಕಿಂತ ಮುಖ್ಯವಾಗಿ, ಕಲ್ಲಿನ ಕಥೆಯನ್ನು ಕನ್ನಡದಲ್ಲಿ, ತುಳುವಿನಲ್ಲಿ ಹೇಳಬಲ್ಲ ಹುಡುಗ ಹುಡುಗಿಯರನ್ನು ಮಲ್ಪೆಯಲ್ಲಿಯೇ ತಯಾರು ಮಾಡಬೇಕು. ಬೋಟು ನಡೆಸುವವರ ಮನೆಯ ಮಕ್ಕಳೇ ಅದಕ್ಕೆ ತಕ್ಕವರು. ಕಡಲಿನ ಸ್ವಭಾವ ಅವರಿಗೆ ಗೊತ್ತು. ರಯೋಲೈಟ್ ಏನೆಂದು ಕಲಿಸಲು ಕೆಲವು ತಿಂಗಳು ಸಾಕು.

ಗಣಪತಿಯಿಂದ ಹೊರಡುವವರಿಗೆ ಕೆಲವು ಮಾತು. ಮಳೆಗಾಲದಲ್ಲಿ ದ್ವೀಪಕ್ಕೆ ಬೋಟು ಇಲ್ಲ. ಡಿಸೆಂಬರ್, ಜನವರಿ, ಫೆಬ್ರವರಿ ಒಳ್ಳೆಯ ಕಾಲ. ಕಡಲು ಇಳಿದಿರುವ ಹೊತ್ತು ಯಾವುದೆಂದು ಬಂದರಿನಲ್ಲಿ ವಿಚಾರಿಸಿ ಹೋದರೆ ಕಂಬಗಳ ಬುಡದವರೆಗೂ ಕಾಣುತ್ತದೆ. ಬಂಡೆಗಳ ಮೇಲೆ ಪಾಚಿ ಇರುತ್ತದೆ, ಅಂಚಿನಲ್ಲಿ ನೀರು ಆಳವಾಗಿದೆ, ಸೆಳೆತವೂ ಇದೆ. ಅಲ್ಲಿ ಈಜಲು ಇಳಿಯಬಾರದು, ಮಕ್ಕಳ ಕೈ ಬಿಡಬಾರದು. ಕುಡಿಯುವ ನೀರು ದಡದಿಂದಲೇ ಒಯ್ಯಬೇಕು, ಖಾಲಿ ಬಾಟಲಿ ದಡಕ್ಕೇ ತರಬೇಕು. ಮಕ್ಕಳಿಗೆ ಒಂದು ಕೆಲಸ ಕೊಡಬಹುದು: ಹತ್ತು ಕಂಬಗಳ ಮೂಲೆ ಎಣಿಸಿ ಚೀಟಿಯಲ್ಲಿ ಬರೆಯಲಿ. ಐದು ಎಷ್ಟು, ಆರು ಎಷ್ಟು ಎಂಬ ಲೆಕ್ಕ ಹಿಡಿದು ವಾಪಸು ಬಂದ ಮೇಲೆ, ಪರಿಚಯದ ಫೌಂಡ್ರಿಯವರು ಒಪ್ಪಿದರೆ, ಕಬ್ಬಿಣ ಹೊಯ್ಯುವ ದಿನ ಅಪ್ಪನೋ ಮಾವನೋ ಅವರನ್ನು ಕರೆದುಕೊಂಡು ಹೋಗಿ ಸುರಕ್ಷಿತ ದೂರದಲ್ಲಿ ನಿಲ್ಲಿಸಿ, ಕಾದ ರಸ ಆರುತ್ತ ಕುಗ್ಗುವುದನ್ನು ತೋರಿಸಬಹುದು.